ಓಲ್ಡ್ ವಾರ್ಡನ್: ಹುಲ್ಲುಹಾಸಿನ ಮೇಲೆ ಉಳಿದ ವಿಮಾನ ಪರಂಪರೆ

ಓಲ್ಡ್ ವಾರ್ಡನ್ ಎಂಬುದು ಇಂಗ್ಲೆಂಡಿನ ಬೆಡ್‌ಫರ್ಡ್‌ಶೈರ್ ಕೌಂಟಿಯಲ್ಲಿ, ಬಿಗಲ್ಸ್‌ವೇಡ್ ಪಟ್ಟಣದ ಸಮೀಪವಿರುವ ಒಂದು ಚಿಕ್ಕ ಖಾಸಗಿ ವಿಮಾನ ಮೈದಾನ. ಲಂಡನ್ ನಗರದಿಂದ ಉತ್ತರಕ್ಕೆ ಸುಮಾರು 70 ಕಿ.ಮೀ. ದೂರದಲ್ಲಿದೆ. ಇದರ ರನ್‌ವೇಗೆ ಡಾಂಬರು ಇಲ್ಲ, ಕಾಂಕ್ರೀಟೂ ಇಲ್ಲ; ವಿಮಾನಗಳು ಹುಲ್ಲಿನ ಮೇಲೆಯೇ ಓಡಿ ಮೇಲೇರುತ್ತವೆ, ಹುಲ್ಲಿನ ಮೇಲೆಯೇ ಇಳಿಯುತ್ತವೆ. ಪ್ರಯಾಣಿಕರ ಸಾರಿಗೆ ಇಲ್ಲಿ ನಡೆಯುವುದಿಲ್ಲ. ಆದರೂ ವಿಮಾನಯಾನದ ಇತಿಹಾಸದಲ್ಲಿ ಆಸಕ್ತಿಯುಳ್ಳವರಿಗೆ ಈ ಹೆಸರು ಚಿರಪರಿಚಿತ. ಷಟಲ್‌ವರ್ತ್ ಸಂಗ್ರಹ ಎಂದು ಪ್ರಸಿದ್ಧವಾದ ಹಳೆಯ ವಿಮಾನಗಳ ಸಂಗ್ರಹಾಲಯವು ಈ ಮೈದಾನದ ಅಂಚಿನಲ್ಲಿಯೇ ನೆಲೆಗೊಂಡಿದ್ದು, ಅಲ್ಲಿನ ಬಹುಪಾಲು ವಿಮಾನಗಳು ಇಂದಿಗೂ ಹಾರುವ ಸ್ಥಿತಿಯಲ್ಲಿವೆ.

ಹುಲ್ಲಿನ ರನ್‌ವೇ ಎಂದೊಡನೆ ಹಣದ ಕೊರತೆಯೇ ಅದಕ್ಕೆ ಕಾರಣವೆಂದು ತಿಳಿಯುವುದು ಸಹಜ. ಓಲ್ಡ್ ವಾರ್ಡನ್ ವಿಷಯದಲ್ಲಿ ಆ ಎಣಿಕೆ ಸಲ್ಲದು. ಇಲ್ಲಿನ ಹಳೆಯ ವಿಮಾನಗಳು ಹಾರಬೇಕಾದರೆ ಅವುಗಳ ಅಡಿಯಲ್ಲಿ ಹುಲ್ಲು ಇರಲೇಬೇಕು. ಹುಲ್ಲು ಹೋದರೆ ವಿಮಾನಗಳು ಉಳಿದಾವು, ಹಾರಾಟ ಉಳಿಯದು.

ಹಿನ್ನೆಲೆ

ಷಟಲ್‌ವರ್ತ್ ಕುಟುಂಬದ ಸಂಪತ್ತು ಬಂದದ್ದು ಉಗಿಯಂತ್ರಗಳಿಂದ. ಲಿಂಕನ್ ನಗರದ ಕ್ಲೇಟನ್ ಅಂಡ್ ಷಟಲ್‌ವರ್ತ್ ಸಂಸ್ಥೆಯು ಹತ್ತೊಂಬತ್ತನೆಯ ಶತಮಾನದಲ್ಲಿ ಕೃಷಿಗೆ ಬೇಕಾದ ಉಗಿ ಎಂಜಿನ್‌ಗಳನ್ನೂ ಒಕ್ಕಣೆ ಯಂತ್ರಗಳನ್ನೂ ತಯಾರಿಸಿ ಹೆಸರು ಗಳಿಸಿತ್ತು. ಸಂಸ್ಥೆಯ ಪಾಲುದಾರರಾಗಿದ್ದ ಜೋಸೆಫ್ ಷಟಲ್‌ವರ್ತ್ ಅವರು 1872ರಲ್ಲಿ ಓಲ್ಡ್ ವಾರ್ಡನ್ ಜಮೀನನ್ನು ಕೊಂಡರು. ಅವರ ಮೊಮ್ಮಗ ರಿಚರ್ಡ್ ಓರ್ಮಂಡ್ ಷಟಲ್‌ವರ್ತ್ ಹುಟ್ಟಿದ್ದು 1909ರಲ್ಲಿ. ಫ್ರಾನ್ಸಿನ ಲೂಯಿ ಬ್ಲೇರಿಯೋ ಇಂಗ್ಲಿಷ್ ಕಾಲುವೆಯನ್ನು ವಿಮಾನದಲ್ಲಿ ದಾಟಿದ್ದೂ ಅದೇ ವರ್ಷದ ಜುಲೈ ತಿಂಗಳಲ್ಲಿಯೇ.

ರಿಚರ್ಡ್ ಅವರಿಗೆ ಯಂತ್ರಗಳ ಮೇಲೆ ಅಪಾರ ಮೋಹವಿತ್ತು. ಮೊದಲು ಹಳೆಯ ಮೋಟಾರು ಕಾರುಗಳನ್ನು ಕೂಡಿಹಾಕತೊಡಗಿದರು. 1932ರಲ್ಲಿ ಡಿ ಹ್ಯಾವಿಲೆಂಡ್ ಸಂಸ್ಥೆಯ ಮಾತ್ ಎಂಬ ಎರಡು ಆಸನಗಳ ಪುಟ್ಟ ವಿಮಾನವನ್ನು ಕೊಂಡರು. ಅದು ಅಂದಿನಿಂದ ಇಂದಿನವರೆಗೆ ಓಲ್ಡ್ ವಾರ್ಡನ್ನಿನಲ್ಲಿಯೇ ಇದೆ. ಅವರು ನುರಿತ ಕಾರು ಓಟಗಾರರೂ ಆಗಿದ್ದರು. 1935ರಲ್ಲಿ ನಡೆದ ಮೊದಲ ಡೋನಿಂಗ್ಟನ್ ಗ್ರ್ಯಾನ್ ಪ್ರೀ ಸ್ಪರ್ಧೆಯನ್ನು ಆಲ್ಫಾ ರೋಮಿಯೋ ಕಾರಿನಲ್ಲಿ ಗೆದ್ದರು. ಮರುವರ್ಷ ದಕ್ಷಿಣ ಆಫ್ರಿಕದ ಓಟವೊಂದರಲ್ಲಿ ತೀವ್ರವಾಗಿ ಗಾಯಗೊಂಡರು.

ಇತರರು ಗುಜರಿಯೆಂದು ಬದಿಗೆಸೆದಿದ್ದ ಹಳೆಯ ವಿಮಾನಗಳನ್ನು ಹುಡುಕಿ ತಂದು, ಬಿಚ್ಚಿ, ಜೋಡಿಸಿ, ಮತ್ತೆ ಹಾರಿಸುವುದು ಅವರ ವಿಶೇಷ ಹವ್ಯಾಸವಾಗಿತ್ತು. 1909ರ ಬ್ಲೇರಿಯೋ ಮತ್ತು 1910ರ ಡೆಪರ್ದುಸಾಂ ವಿಮಾನಗಳು 1930ರ ದಶಕದಲ್ಲಿ ಹೀಗೆಯೇ ಅವರ ಕೈಸೇರಿದವು. ಎರಡನೆಯ ಮಹಾಯುದ್ಧ ಆರಂಭವಾದಾಗ ಅವರು ರಾಯಲ್ ಏರ್ ಫೋರ್ಸ್ ಸೇರಿದರು. 1940ರ ಆಗಸ್ಟ್ 2ರಂದು, ರಾತ್ರಿಯ ತರಬೇತಿ ಹಾರಾಟದಲ್ಲಿದ್ದಾಗ ಅವರ ಫೇರಿ ಬ್ಯಾಟಲ್ ವಿಮಾನ ಅಪಘಾತಕ್ಕೀಡಾಗಿ ಮೃತಪಟ್ಟರು. ಆಗ ಅವರಿಗೆ ವಯಸ್ಸು 31.

ಒಬ್ಬನೇ ಮಗನನ್ನು ಕಳೆದುಕೊಂಡ ತಾಯಿ ಡೊರೋತಿ ಷಟಲ್‌ವರ್ತ್ ಅವರು 1944ರಲ್ಲಿ ಮಗನ ಹೆಸರಿನಲ್ಲಿ ಸ್ಮಾರಕ ಟ್ರಸ್ಟ್ ಸ್ಥಾಪಿಸಿದರು. ಕೃಷಿ ಮತ್ತು ವಿಮಾನಯಾನ, ಈ ಎರಡೂ ಕ್ಷೇತ್ರಗಳ ಶಿಕ್ಷಣಕ್ಕೆ ಜಮೀನು ಬಳಕೆಯಾಗಬೇಕೆಂಬುದು ಅವರ ಆಶಯವಾಗಿತ್ತು. ಮನೆಯ ಆವರಣದಲ್ಲಿ ಕೃಷಿ ಕಾಲೇಜು ಆರಂಭವಾಯಿತು. ವಿಮಾನಗಳ ಸಂಗ್ರಹವನ್ನು 1963ರಲ್ಲಿ ಸಾರ್ವಜನಿಕರ ವೀಕ್ಷಣೆಗೆ ತೆರೆಯಲಾಯಿತು. ಮೈದಾನವು ಇಂದಿಗೂ ಸರಕಾರದ್ದಲ್ಲ, ಟ್ರಸ್ಟಿನ ಅಧೀನದಲ್ಲಿದೆ.

ಹುಲ್ಲೇ ಏಕೆ?

ವಿಮಾನಯಾನದ ಮೊದಲ ದಶಕಗಳಲ್ಲಿ ಇಂದಿನ ಅರ್ಥದ ರನ್‌ವೇ ಇರಲೇ ಇಲ್ಲ. ಸಮತಟ್ಟಾದ ದೊಡ್ಡ ಬಯಲೇ ವಿಮಾನ ನಿಲ್ದಾಣ. ವಿಮಾನವು ಯಾವಾಗಲೂ ಗಾಳಿಗೆ ಎದುರಾಗಿ ಏರಬೇಕು, ಗಾಳಿಗೆ ಎದುರಾಗಿ ಇಳಿಯಬೇಕು. ಎದುರು ಗಾಳಿಯು ರೆಕ್ಕೆಗೆ ಬೇಕಾದ ವೇಗದ ಒಂದು ಪಾಲನ್ನು ತಾನೇ ಒದಗಿಸುವುದರಿಂದ ನೆಲದ ಮೇಲೆ ಓಡಬೇಕಾದ ದೂರ ಕಡಿಮೆಯಾಗುತ್ತದೆ. ಬಯಲಿನಲ್ಲಾದರೆ ಗಾಳಿ ಯಾವ ದಿಕ್ಕಿನಿಂದ ಬಂದರೂ ಚಾಲಕನು ಆ ಕಡೆಗೆ ಮೂತಿ ತಿರುಗಿಸಿ ಹೊರಡಬಹುದಿತ್ತು. ಲಂಡನ್ನಿನ ಪ್ರಧಾನ ವಿಮಾನ ನಿಲ್ದಾಣವಾಗಿದ್ದ ಕ್ರಾಯ್ಡನ್ ಕೂಡ 1959ರಲ್ಲಿ ಮುಚ್ಚುವವರೆಗೆ ಹುಲ್ಲಿನ ಮೈದಾನವಾಗಿಯೇ ಇತ್ತು.

ಅಂದಿನ ವಿಮಾನಗಳ ರಚನೆಯೂ ಇದಕ್ಕೆ ತಕ್ಕಂತೆಯೇ ಇತ್ತು. ಮೊದಲ ಮಹಾಯುದ್ಧದ ಕಾಲದ ವಿಮಾನಗಳ ಗಾಲಿಗಳಿಗೆ ಬ್ರೇಕು ಇರಲಿಲ್ಲ. ಬಾಲದಡಿಯಲ್ಲಿ ಚಕ್ರದ ಬದಲು ಊರುಗೋಲಿನಂತಹ ಒಂದು ತುಂಡು ಇರುತ್ತಿತ್ತು. ವಿಮಾನ ಇಳಿದಾಗ ಈ ಊರುಗೋಲು ಹುಲ್ಲುನೆಲವನ್ನು ಕೆರೆಯುತ್ತ, ನೇಗಿಲಿನಂತೆ ತುಸು ಊರಿಕೊಂಡು, ವೇಗವನ್ನು ತಗ್ಗಿಸುತ್ತಿತ್ತು. ವಿಮಾನದ ಬಾಲವನ್ನು ನೇರವಾಗಿಯೂ ಹಿಡಿದಿಡುತ್ತಿತ್ತು. ಇದೇ ವಿಮಾನ ಗಟ್ಟಿ ಕಾಂಕ್ರೀಟಿನ ಮೇಲೆ ಇಳಿದರೆ ಊರುಗೋಲಿಗೆ ಹಿಡಿತ ಸಿಗದು. ಬಾಲ ಪಕ್ಕಕ್ಕೆ ಜಾರಿ ವಿಮಾನವು ಗಿರಕಿ ಹೊಡೆಯುವ, ರೆಕ್ಕೆ ನೆಲಕ್ಕೆ ತಾಗಿ ಮುರಿಯುವ ಅಪಾಯವಿದೆ.

ಅಡ್ಡಗಾಳಿಯಲ್ಲಿಯೂ ಹುಲ್ಲು ಉಪಕಾರಿ. ಹಗುರವಾದ ವಿಮಾನವು ತುಸು ಓರೆಯಾಗಿ ನೆಲ ಮುಟ್ಟಿದರೆ ಡಾಂಬರು ಗಾಲಿಯನ್ನು ಗಟ್ಟಿಯಾಗಿ ಹಿಡಿದು ವಿಮಾನವನ್ನು ಒಂದೇ ಸಮನೆ ಜಗ್ಗುತ್ತದೆ. ಹುಲ್ಲು ಗಾಲಿಯನ್ನು ಸ್ವಲ್ಪ ಜಾರಲು ಬಿಡುತ್ತದೆ. ಟೈರುಗಳ ಸವೆತವೂ ಕಡಿಮೆ. ನೂರು ವರ್ಷ ದಾಟಿದ ಮರದ ಚೌಕಟ್ಟು ಮತ್ತು ತಂತಿಗಳ ಬಿಗಿತದ ಮೇಲೆ ನಿಂತಿರುವ ವಿಮಾನಕ್ಕೆ ಇದು ಸಣ್ಣ ಸಂಗತಿಯಲ್ಲ.

ಹುಲ್ಲಿನ ಲೆಕ್ಕಾಚಾರ

ಹಾಗೆಂದು ಹುಲ್ಲು ಎಲ್ಲ ರೀತಿಯಲ್ಲಿಯೂ ಅನುಕೂಲವೆಂದು ಹೇಳಲಾಗದು. ಹುಲ್ಲು ಗಾಲಿಯ ಓಟವನ್ನು ತಡೆಯುವುದರಿಂದ ಮೇಲೇರಲು ಹೆಚ್ಚು ದೂರ ಬೇಕಾಗುತ್ತದೆ. ಒದ್ದೆಯಾದ ಹುಲ್ಲಿನ ಮೇಲೆ ಬ್ರೇಕು ಹಿಡಿಯುವುದಿಲ್ಲವಾದ್ದರಿಂದ ಆಧುನಿಕ ಸಣ್ಣ ವಿಮಾನಗಳು ಇಳಿದು ನಿಲ್ಲಲೂ ಹೆಚ್ಚು ದೂರ ಬೇಕು. ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರವು ಸಣ್ಣ ವಿಮಾನಗಳ ಚಾಲಕರಿಗಾಗಿ ನೀಡಿರುವ ಮಾರ್ಗಸೂಚಿಯ ಪ್ರಕಾರ, ಗಟ್ಟಿ ನೆಲದ ಒಣ ಹುಲ್ಲಿನಲ್ಲಿ ಏರುವ ದೂರಕ್ಕೆ ಶೇ. 20ರಷ್ಟನ್ನೂ ಒದ್ದೆ ಹುಲ್ಲಿನಲ್ಲಿ ಶೇ. 30ರಷ್ಟನ್ನೂ ಕೂಡಿಸಿಕೊಳ್ಳಬೇಕು. ಇಳಿಯುವಾಗ ಒಣ ಹುಲ್ಲಿಗೆ ಶೇ. 15, ಒದ್ದೆ ಹುಲ್ಲಿಗೆ ಶೇ. 35. ಬಹಳ ಗಿಡ್ಡನೆಯ ಒದ್ದೆ ಹುಲ್ಲು ಜಾರುವಂತಿದ್ದರೆ ಇಳಿಯುವ ದೂರ ಶೇ. 60ರವರೆಗೂ ಹೆಚ್ಚಬಹುದು.

ಉದಾಹರಣೆಗೆ, ಡಾಂಬರಿನ ಮೇಲೆ 400 ಮೀಟರಿನಲ್ಲಿ ಇಳಿದು ನಿಲ್ಲುವ ವಿಮಾನಕ್ಕೆ ಒದ್ದೆ ಹುಲ್ಲಿನಲ್ಲಿ 540 ಮೀಟರ್ ಬೇಕು. ಜಾರುವ ಹುಲ್ಲಾದರೆ 640 ಮೀಟರ್. ಓಲ್ಡ್ ವಾರ್ಡನ್ನಿನ ಮುಖ್ಯ ರನ್‌ವೇ ಒಂದು ಕಿಲೋಮೀಟರಿಗಿಂತ ಸಾಕಷ್ಟು ಚಿಕ್ಕದು. ಆದ್ದರಿಂದ ಇಲ್ಲಿಗೆ ಹಾರಿಬರುವ ಚಾಲಕನು ಹೊರಡುವ ಮುನ್ನವೇ ಈ ಲೆಕ್ಕವನ್ನು ಮುಗಿಸಿರಬೇಕಾಗುತ್ತದೆ.

ಹುಲ್ಲಿನ ಮೈದಾನದ ನಿರ್ವಹಣೆ ಒಂದು ಬಗೆಯ ಬೇಸಾಯವೇ ಸರಿ. ಬೆಳೆಯುವ ಕಾಲದಲ್ಲಿ ಹುಲ್ಲನ್ನು ಮತ್ತೆ ಮತ್ತೆ ಕತ್ತರಿಸಬೇಕು. ಚಳಿಗಾಲದಲ್ಲಿ ಉಬ್ಬಿದ ಮಣ್ಣಿನ ಮೇಲೆ ಉರುಳುಗಲ್ಲು ಎಳೆದಂತೆ ರೋಲರ್ ಓಡಿಸಿ ಸಮಗೊಳಿಸಬೇಕು. ಮೊಲಗಳು ತೋಡಿದ ಬಿಲಗಳನ್ನು ಮುಚ್ಚಬೇಕು. ಅಂತಹ ಒಂದು ಬಿಲಕ್ಕೆ ಗಾಲಿ ಸಿಕ್ಕರೆ ವಿಮಾನ ಮುಗ್ಗರಿಸಿ ಪ್ರೊಪೆಲರ್ ಮುರಿದುಕೊಳ್ಳುತ್ತದೆ. ಮಳೆನೀರು ಬಸಿದುಹೋಗುವ ವ್ಯವಸ್ಥೆ ಇರಬೇಕು. ನೆಲ ಕೆಸರಾದ ದಿನಗಳಲ್ಲಿ ಹಾರಾಟ ನಿಲ್ಲಿಸುವುದೊಂದೇ ದಾರಿ.

ಸೌಲಭ್ಯಗಳು

ಮುಖ್ಯ ರನ್‌ವೇ ಹೆಚ್ಚುಕಡಿಮೆ ಈಶಾನ್ಯ-ನೈಋತ್ಯ ದಿಕ್ಕಿಗೆ ಹಬ್ಬಿದೆ. ಅಡ್ಡಗಾಳಿಯ ದಿನಗಳಿಗಾಗಿ ಚಿಕ್ಕದೊಂದು ಅಡ್ಡದಾರಿಯೂ ಇದೆ. ಪ್ರದರ್ಶನದ ಸಮಯದಲ್ಲಿ ವಿಮಾನಗಳ ಹಾರಾಟವನ್ನು ನಿಭಾಯಿಸಲು ನಿಯಂತ್ರಣ ಗೋಪುರ, ಗಾಳಿಯ ದಿಕ್ಕನ್ನು ತೋರಿಸುವ ಬಟ್ಟೆಯ ಚೀಲ, ಇಂಧನ ತುಂಬಿಸುವ ವ್ಯವಸ್ಥೆ, ಅಗ್ನಿಶಾಮಕ ಮತ್ತು ರಕ್ಷಣಾ ವಾಹನಗಳು ಇವೆ.

ಸಾಲಾಗಿ ನಿಂತಿರುವ ಹ್ಯಾಂಗರ್‌ಗಳು ಏಕಕಾಲದಲ್ಲಿ ವಿಮಾನಗಳ ಕೊಟ್ಟಿಗೆಯೂ ಹೌದು, ಸಂಗ್ರಹಾಲಯವೂ ಹೌದು. ಸಂದರ್ಶಕರು ವಿಮಾನಗಳನ್ನು ಹತ್ತಿರದಿಂದಲೇ ನೋಡಬಹುದು. ಇಂದು ನಿಂತಿರುವ ವಿಮಾನ ನಾಳೆ ಹೊರಗೆ ಹಾರಬಹುದಾದ್ದರಿಂದ ಅದರಡಿಯಲ್ಲಿ ಎಣ್ಣೆ ತೊಟ್ಟಿಕ್ಕುವ ತಟ್ಟೆಯನ್ನು ಇರಿಸಿರುತ್ತಾರೆ. ಹಳೆಯ ಕಾರು, ಬೈಸಿಕಲ್, ಉಗಿಯಂತ್ರ ಹಾಗೂ ಕೃಷಿ ಯಂತ್ರಗಳ ಸಂಗ್ರಹವೂ ಇದೆ.

ಇವೆಲ್ಲಕ್ಕೂ ಮಿಗಿಲಾದುದು ಕಾರ್ಯಾಗಾರ. ಹಳೆಯ ವಿಮಾನದ ಬಿಡಿಭಾಗ ಯಾವ ಅಂಗಡಿಯಲ್ಲಿಯೂ ಸಿಗದು. ಮರದ ಪಟ್ಟಿಯನ್ನು ಬಾಗಿಸಿ ರೆಕ್ಕೆಯ ಪಕ್ಕೆಲುಬು ಮಾಡುವುದು, ಅದರ ಮೇಲೆ ಬಟ್ಟೆ ಹೊದಿಸಿ ಹೊಲಿಯುವುದು, ಬಟ್ಟೆ ಬಿಗಿದುಕೊಳ್ಳುವಂತೆ ಲೇಪ ಬಳಿಯುವುದು, ತಂತಿಗಳನ್ನು ಹದವರಿತು ಬಿಗಿಯುವುದು ಮುಂತಾದ ಕೆಲಸಗಳು ಇಲ್ಲಿಯೇ ನಡೆಯುತ್ತವೆ. ಸಂಬಳದ ಎಂಜಿನಿಯರುಗಳ ಜೊತೆಗೆ ಸ್ವಯಂಸೇವಕರೂ ದುಡಿಯುತ್ತಾರೆ. ಅನುಭವಿಯ ಪಕ್ಕದಲ್ಲಿ ನಿಂತು ಕೈಯಾರೆ ಮಾಡಿ ಕಲಿಯಬೇಕಾದ ವಿದ್ಯೆ ಇದು.

ಸ್ವಂತ ವಿಮಾನದಲ್ಲಿ ಬರುವವರು ಮುಂಗಡವಾಗಿ ಅನುಮತಿ ಪಡೆದೇ ಇಳಿಯಬೇಕು. ರಸ್ತೆಯ ಮೂಲಕ ಬರುವವರಿಗೆ ಉಪಾಹಾರ ಗೃಹ ಮತ್ತು ಮಾರಾಟ ಮಳಿಗೆ ಇವೆ. ಮೈದಾನಕ್ಕೆ ಹೊಂದಿಕೊಂಡಂತೆ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ರೂಪುಗೊಂಡ ಸ್ವಿಸ್ ಗಾರ್ಡನ್ ಎಂಬ ಉದ್ಯಾನವನವಿದೆ.

ಸಂಗ್ರಹದ ಪ್ರಮುಖ ವಿಮಾನಗಳು

1909ರ ಬ್ಲೇರಿಯೋ ಬ್ರಿಟನ್ನಿನಲ್ಲಿ ಇಂದಿಗೂ ಹಾರಬಲ್ಲ ಅತ್ಯಂತ ಹಳೆಯ ವಿಮಾನ. ಇದನ್ನು ಈಗ ರನ್‌ವೇಯುದ್ದಕ್ಕೂ ನೇರವಾಗಿ ಕೆಲವೇ ಅಡಿಗಳ ಎತ್ತರದಲ್ಲಿ ಚಿಮ್ಮಿಸಿ ಇಳಿಸಲಾಗುತ್ತದೆ. 1912ರ ಬ್ಲ್ಯಾಕ್‌ಬರ್ನ್ ಒಂಟಿ ರೆಕ್ಕೆಯ ವಿಮಾನವು ಹಾರುವ ಸ್ಥಿತಿಯಲ್ಲಿರುವ ಬ್ರಿಟಿಷ್ ನಿರ್ಮಿತ ವಿಮಾನಗಳಲ್ಲಿ ಅತಿ ಹಳೆಯದು.

ಬ್ಲ್ಯಾಕ್‌ಬರ್ನ್, ಆವ್ರೋ 504, ಸಾಪ್‌ವಿತ್ ಪಪ್ ಮೊದಲಾದ ವಿಮಾನಗಳಲ್ಲಿರುವುದು ರೋಟರಿ ಎಂಜಿನ್. ಇದರಲ್ಲಿ ಪ್ರೊಪೆಲರ್ ಜೊತೆಗೆ ಎಂಜಿನ್ನಿನ ಸಿಲಿಂಡರುಗಳೂ ಸುತ್ತುತ್ತವೆ. ಪೆಟ್ರೋಲಿನೊಡನೆ ಸುಲಭವಾಗಿ ಬೆರೆಯದ ಹರಳೆಣ್ಣೆಯನ್ನು ಇದಕ್ಕೆ ಜಾರೆಣ್ಣೆಯಾಗಿ ಬಳಸುತ್ತಾರೆ. ಹಾರಾಟದ ದಿನ ಮೈದಾನದ ತುಂಬ ಸುಟ್ಟ ಹರಳೆಣ್ಣೆಯ ವಾಸನೆ ಹರಡುವುದು ಇದರಿಂದಲೇ.

1923ರ ಇಂಗ್ಲಿಷ್ ಎಲೆಕ್ಟ್ರಿಕ್ ರೆನ್ ಇನ್ನೊಂದು ಸೋಜಿಗ. ಇದರ ಎಂಜಿನ್ ಗಾತ್ರ 398 ಸಿಸಿ, ಅಂದರೆ ಸಾಮಾನ್ಯ ಮೋಟಾರು ಸೈಕಲ್ಲಿನಷ್ಟು. ಆ ವರ್ಷದ ಲಿಂಪ್ನ್ ಸ್ಪರ್ಧೆಯಲ್ಲಿ ಈ ಮಾದರಿಯ ವಿಮಾನವು ಒಂದು ಗ್ಯಾಲನ್ ಪೆಟ್ರೋಲಿಗೆ 87.5 ಮೈಲಿ, ಅಂದರೆ ಲೀಟರಿಗೆ ಸುಮಾರು 31 ಕಿ.ಮೀ. ಹಾರಿತ್ತು.

ಎರಡನೆಯ ಮಹಾಯುದ್ಧದ ಕಾಲದ ಸ್ಪಿಟ್‌ಫೈರ್, ಸೀ ಹರಿಕೇನ್, ಗ್ಲ್ಯಾಡಿಯೇಟರ್, ಲೈಸ್ಯಾಂಡರ್ ವಿಮಾನಗಳೂ ಇಲ್ಲಿವೆ. ಹಾಕರ್ ಹೈಂಡ್ ವಿಮಾನವು ಆಫ್ಘಾನಿಸ್ತಾನದ ವಾಯುಪಡೆಯಲ್ಲಿದ್ದುದು. 1970ರಲ್ಲಿ ಅದನ್ನು ಕಾಬೂಲಿನಿಂದ ಲಾರಿಯ ಮೇಲೆ ಹೇರಿ ರಸ್ತೆಯ ಮೂಲಕವೇ ಇಂಗ್ಲೆಂಡಿಗೆ ತರಲಾಯಿತು.

ಭಾರತದ ನಂಟು

ಓಲ್ಡ್ ವಾರ್ಡನ್ನಿನ ಹ್ಯಾಂಗರ್‌ಗಳಲ್ಲಿ ಭಾರತದ ವಿಮಾನಯಾನದ ಕಥೆಯೂ ಅಡಗಿದೆ. ಸ್ವತಃ ರಿಚರ್ಡ್ ಷಟಲ್‌ವರ್ತ್ ಅವರು 1933ರಲ್ಲಿ ಕಾಂಪರ್ ಸ್ವಿಫ್ಟ್ ಎಂಬ ಒಂದೇ ಆಸನದ ವಿಮಾನದಲ್ಲಿ ಇಂಗ್ಲೆಂಡಿನಿಂದ ಭಾರತದವರೆಗೆ ಹಾರಿಬಂದು ವೈಸ್‌ರಾಯ್ ಕಪ್ ವಿಮಾನ ಸ್ಪರ್ಧೆಯಲ್ಲಿ ಪಾಲ್ಗೊಂಡಿದ್ದರು. ಭಾರತದಲ್ಲಿ ಚಹಾ ತೋಟ ನಡೆಸುತ್ತಿದ್ದ ಆಲ್ಬನ್ ಅಲಿ ಎಂಬುವರ ಬಳಿಯೂ ಒಂದು ಸ್ವಿಫ್ಟ್ ಇತ್ತು. ‘ಸ್ಕಾರ್ಲೆಟ್ ಏಂಜೆಲ್’ ಎಂಬ ಹೆಸರಿನ, ಭಾರತದಲ್ಲಿ ನೋಂದಣಿಯಾಗಿದ್ದ ಆ ಕೆಂಪು ವಿಮಾನವೇ ಮುಂದೆ ಷಟಲ್‌ವರ್ತ್ ಸಂಗ್ರಹವನ್ನು ಸೇರಿತು.

ಸಂಗ್ರಹದ ಮತ್ತೊಂದು ಹೆಮ್ಮೆ ಡಿ ಹ್ಯಾವಿಲೆಂಡ್ ಕಾಮೆಟ್. 1934ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಮಿಲ್ಡನ್‌ಹಾಲ್‌ನಿಂದ ಆಸ್ಟ್ರೇಲಿಯದ ಮೆಲ್ಬರ್ನ್‌ವರೆಗೆ ನಡೆದ ವಿಮಾನ ಸ್ಪರ್ಧೆಯನ್ನು ಸ್ಕಾಟ್ ಮತ್ತು ಕ್ಯಾಂಬೆಲ್ ಬ್ಲ್ಯಾಕ್ ಇಬ್ಬರೂ ಇದೇ ವಿಮಾನದಲ್ಲಿ ಸುಮಾರು 71 ಗಂಟೆಗಳಲ್ಲಿ ಪೂರೈಸಿ ಗೆದ್ದರು. ಸ್ಪರ್ಧಿಗಳು ಕಡ್ಡಾಯವಾಗಿ ಇಳಿಯಬೇಕಾಗಿದ್ದ ಐದು ತಾಣಗಳಲ್ಲಿ ಅಲಹಾಬಾದ್ ಒಂದು.

ಎಸ್‌ಇ-5ಎ ಯುದ್ಧವಿಮಾನವನ್ನು ನೋಡುವಾಗ ಕೋಲ್ಕತ್ತದ ಇಂದ್ರಲಾಲ್ ರಾಯ್ ಅವರ ನೆನಪಾಗದಿರದು. 1918ರ ಜುಲೈ ತಿಂಗಳಲ್ಲಿ ಇದೇ ಮಾದರಿಯ ವಿಮಾನದಲ್ಲಿ ಹತ್ತು ವಿಜಯಗಳನ್ನು ಸಾಧಿಸಿ, ಅದೇ ತಿಂಗಳ 22ರಂದು, ಇಪ್ಪತ್ತು ತುಂಬುವ ಮೊದಲೇ ವೀರಮರಣವನ್ನಪ್ಪಿದವರು ಅವರು. ಹರ್ದಿತ್ ಸಿಂಗ್ ಮಲಿಕ್ ಅವರು ಹಾರಿಸಿದ್ದ ಸಾಪ್‌ವಿತ್ ಕ್ಯಾಮೆಲ್ ಮಾದರಿಯ ಪ್ರತಿಕೃತಿಯೂ ಇಲ್ಲಿದೆ. ಭಾರತೀಯ ವಾಯುಪಡೆಯ ಒಂದನೇ ಸ್ಕ್ವಾಡ್ರನ್ 1942ರಲ್ಲಿ ಕೆ.ಕೆ. ಮಜುಮ್‌ದಾರ್ ಅವರ ನೇತೃತ್ವದಲ್ಲಿ ಬರ್ಮಾ ರಂಗದಲ್ಲಿ ಹೋರಾಡಿದ್ದು ಲೈಸ್ಯಾಂಡರ್ ವಿಮಾನಗಳಲ್ಲಿ.

ಕರ್ನಾಟಕದ ಮಟ್ಟಿಗೆ ಹೇಳುವುದಾದರೆ, ಮಾತ್ ಕುಟುಂಬದ ವಿಮಾನಗಳು ನಮ್ಮ ನೆಲಕ್ಕೂ ಬಂದಿದ್ದವು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಯ ಜುಹೂವರೆಗೆ ಪುಸ್ ಮಾತ್ ವಿಮಾನದಲ್ಲಿ ಅಂಚೆ ತಂದರು. ಅಲ್ಲಿಂದ ನೆವಿಲ್ ವಿಂಟ್ಸೆಂಟ್ ಅವರು ಅಂಚೆಯನ್ನು ಮದರಾಸಿಗೆ ಒಯ್ದದ್ದು ಬಳ್ಳಾರಿಯ ಮಾರ್ಗವಾಗಿ. ಬೆಂಗಳೂರಿನ ಎಚ್‌ಎಎಲ್ ರೂಪಿಸಿ 1951ರಲ್ಲಿ ಮೊದಲ ಬಾರಿಗೆ ಹಾರಿಸಿದ ಎಚ್‌ಟಿ-2 ತರಬೇತಿ ವಿಮಾನವು ಭಾರತೀಯ ವಾಯುಪಡೆಯಲ್ಲಿ ಟೈಗರ್ ಮಾತ್‌ನ ಸ್ಥಾನವನ್ನು ತುಂಬಿತು.

ಹಾರಾಟದ ದಿನಗಳು

ಬೇಸಿಗೆಯ ತಿಂಗಳುಗಳಲ್ಲಿ ಸಾರ್ವಜನಿಕ ಪ್ರದರ್ಶನಗಳು ನಡೆಯುತ್ತವೆ. ಪ್ರೇಕ್ಷಕರು ನಿಲ್ಲುವ ಅಂಚು ನೇರವಾಗಿರದೆ ಬಾಗಿರುವುದು ಈ ಮೈದಾನದ ವೈಶಿಷ್ಟ್ಯ. ವಿಮಾನವು ತಿರುವು ತೆಗೆದುಕೊಳ್ಳುತ್ತ ಹಾದುಹೋಗುವುದರಿಂದ ಅದರ ಬೆನ್ನೂ ರೆಕ್ಕೆಗಳ ಮೇಲ್ಭಾಗವೂ ಸ್ಪಷ್ಟವಾಗಿ ಕಾಣುತ್ತವೆ.

ಅತಿ ಹಳೆಯ ವಿಮಾನಗಳ ಸರದಿ ಬರುವುದು ಸಾಮಾನ್ಯವಾಗಿ ಸಂಜೆ, ಗಾಳಿ ತಗ್ಗಿದ ಮೇಲೆ. ಗಾಳಿ ಬಿಡದಿದ್ದರೆ ಅವು ಹ್ಯಾಂಗರ್‌ನಿಂದ ಹೊರಬರುವುದೇ ಇಲ್ಲ. ಟಿಕೆಟ್ ಕೊಂಡು ಬಂದವರಿಗೆ ನಿರಾಸೆಯಾದರೂ ಈ ನಿಯಮದಲ್ಲಿ ಸಡಿಲಿಕೆ ಇಲ್ಲ.

ಎಚ್ಚರಿಕೆಗೆ ಕಾರಣವಿದೆ. 2012ರ ಜುಲೈ 1ರಂದು ಇಲ್ಲಿಯೇ 1920ರ ದಶಕದ ಪುಟ್ಟ ಹಮ್ಮಿಂಗ್ ಬರ್ಡ್ ವಿಮಾನ ಅಪಘಾತಕ್ಕೀಡಾಗಿ ಚಾಲಕರು ಸಾವನ್ನಪ್ಪಿದರು. 2015ರ ಆಗಸ್ಟ್ 22ರಂದು ದಕ್ಷಿಣ ಇಂಗ್ಲೆಂಡಿನ ಶೋರ್‌ಹ್ಯಾಮ್ ಪ್ರದರ್ಶನದಲ್ಲಿ ಹಂಟರ್ ಜೆಟ್ ವಿಮಾನವೊಂದು ಹೆದ್ದಾರಿಯ ಮೇಲೆ ಅಪ್ಪಳಿಸಿ 11 ಮಂದಿ ಬಲಿಯಾದ ನಂತರ ಬ್ರಿಟನ್ನಿನಾದ್ಯಂತ ವಿಮಾನ ಪ್ರದರ್ಶನಗಳ ನಿಯಮಗಳು ಬಿಗಿಯಾದವು. ಹಳೆಯ ವಿಮಾನಗಳನ್ನು ಹಾರಿಸುವುದೇ ತಪ್ಪಲ್ಲವೇ, ಗಾಜಿನ ಹಿಂದೆ ಇಟ್ಟು ಕಾಪಾಡಬಾರದೇ ಎಂಬ ಪ್ರಶ್ನೆ ಇಂತಹ ಸಂದರ್ಭಗಳಲ್ಲಿ ಏಳುತ್ತದೆ. ಅದು ತಳ್ಳಿಹಾಕುವಂತಹ ಪ್ರಶ್ನೆಯಲ್ಲ. ಆದರೆ ಹಾರದ ವಿಮಾನದ ಎಂಜಿನ್ ಬಿಚ್ಚುವ ಅಗತ್ಯ ಯಾರಿಗೂ ಬೀಳದು. ಬಿಚ್ಚಬಲ್ಲವರೂ ಒಂದು ತಲೆಮಾರಿನೊಳಗೆ ಇಲ್ಲವಾಗುತ್ತಾರೆ. ಗಾಳಿ ತಗ್ಗುವವರೆಗೆ ಕಾಯುವ ಈ ಶಿಸ್ತೇ ಓಲ್ಡ್ ವಾರ್ಡನ್ ಕಂಡುಕೊಂಡಿರುವ ಉತ್ತರ.

ಉಳಿವಿನ ಪ್ರಶ್ನೆ

ಬ್ರಿಟನ್ನಿನಲ್ಲಿ ಸಣ್ಣ ವಿಮಾನ ಮೈದಾನಗಳು ಒಂದೊಂದಾಗಿ ಕಣ್ಮರೆಯಾಗುತ್ತಿವೆ. ಸಮತಟ್ಟಾದ, ಮರಗಳಿಲ್ಲದ, ನಗರಕ್ಕೆ ಸಮೀಪದ ನೆಲ ಮನೆ ಕಟ್ಟುವವರಿಗೂ ಬೇಕಾದುದೇ. ಕಾಮೆಟ್ ವಿಮಾನ ಜನ್ಮತಾಳಿದ ಡಿ ಹ್ಯಾವಿಲೆಂಡ್ ಸಂಸ್ಥೆಯ ಹ್ಯಾಟ್‌ಫೀಲ್ಡ್ ಮೈದಾನವು 1990ರ ದಶಕದ ಮೊದಲ ಭಾಗದಲ್ಲಿ ಮುಚ್ಚಿತು. ಅದೇ ಹರ್ಟ್‌ಫರ್ಡ್‌ಶೈರ್ ಕೌಂಟಿಯ ಪ್ಯಾನ್‌ಷ್ಯಾಂಗರ್ ಹುಲ್ಲಿನ ಮೈದಾನವು ವಸತಿ ಯೋಜನೆಯ ಕಾರಣದಿಂದ 2014ರಲ್ಲಿ ಬಾಗಿಲು ಹಾಕಿತು. 1987ರಲ್ಲಿ ಮತ್ತೆ ಹಾರಿದ್ದ ಕಾಮೆಟ್, ಕೆಲಕಾಲ ಹ್ಯಾಟ್‌ಫೀಲ್ಡ್‌ನಲ್ಲಿದ್ದು, ಅದು ಮುಚ್ಚಿದ ಮೇಲೆ ಓಲ್ಡ್ ವಾರ್ಡನ್ನಿಗೇ ಮರಳಬೇಕಾಯಿತು. ದೀರ್ಘ ದುರಸ್ತಿಯ ಬಳಿಕ 2014ರಲ್ಲಿ ಅದು ಪುನಃ ಆಕಾಶಕ್ಕೇರಿತು.

ಒಮ್ಮೆ ಮನೆಗಳೆದ್ದ ಮೈದಾನ ಮತ್ತೆ ಮೈದಾನವಾಗುವುದಿಲ್ಲ. ಓಲ್ಡ್ ವಾರ್ಡನ್ ಉಳಿದಿರುವುದಕ್ಕೆ ಮುಖ್ಯ ಕಾರಣ, ಆ ನೆಲವು ಲಾಭಕ್ಕಾಗಿ ಮಾರಬೇಕಾದ ಆಸ್ತಿಯಾಗದೆ ಒಂದು ನಿಶ್ಚಿತ ಉದ್ದೇಶಕ್ಕೆ ಕಟ್ಟುಬಿದ್ದ ಟ್ರಸ್ಟಿನ ಕೈಯಲ್ಲಿರುವುದು. ಪುತ್ರಶೋಕದಲ್ಲಿದ್ದ ತಾಯಿಯೊಬ್ಬರು 1944ರಲ್ಲಿ ಬರೆಸಿದ ಆ ದಸ್ತಾವೇಜಿನ ಬಲದಿಂದಲೇ ಬ್ಲೇರಿಯೋ ವಿಮಾನಕ್ಕೆ ಇಂದಿಗೂ ಓಡಲು ಹುಲ್ಲು ಇದೆ.